ಮೀನು ತರುವ ಮೊದಲು, ಅಳಿಯಾ

ಅಳಿಯಾ,

ಮೊನ್ನೆ ಹಂಪನಕಟ್ಟೆಯಿಂದ ಫೋನು ಮಾಡಿದ್ದಿ. ಅಂಗಡಿಯಲ್ಲಿ ಒಂದು ಜೋಡಿ ಏಂಜೆಲ್ ಮೀನು ಉಂಟು, ನೋಡಲು ಬಹಳ ಚಂದ ಉಂಟು, ಗಾಜಿನ ಟ್ಯಾಂಕೂ ಅಲ್ಲೇ ಸಿಗುತ್ತದೆ, ಇವತ್ತೇ ತಂದರೆ ಎಷ್ಟು ದಿನಕ್ಕೆ ಮರಿ ಆದೀತು ಮಾವ ಎಂದು ಕೇಳಿದ್ದಿ. ಆ ಗದ್ದಲದಲ್ಲಿ ನಾನು "ಇವತ್ತು ಬೇಡ" ಎಂದಷ್ಟೇ ಹೇಳಿದೆ. ನಿನಗೆ ಬೇಸರವಾದದ್ದು ದನಿಯಲ್ಲೇ ಗೊತ್ತಾಯಿತು. ಅದಕ್ಕೇ ಈಗ ಸಮಾಧಾನದಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ ಮೊದಲು ಹೇಳಿಬಿಡುತ್ತೇನೆ. ಖಾಲಿ ಗಾಜಿನಿಂದ ಶುರು ಮಾಡಿದರೆ ಹೆಚ್ಚುಕಡಿಮೆ ಒಂದು ವರ್ಷ. ನೀರು ಹದಕ್ಕೆ ಬರಲು ಒಂದೂವರೆ ತಿಂಗಳು, ಎಳೆಯ ಮೀನು ಬೆಳೆದು ತನ್ನ ಜೋಡಿಯನ್ನು ತಾನೇ ಹುಡುಕಿಕೊಳ್ಳಲು ಮತ್ತೆ ಏಳೆಂಟು ತಿಂಗಳು, ಮೊದಲ ಮೂರು ನಾಲ್ಕು ಸಲದ ಮೊಟ್ಟೆ ಹಾಳಾಗಲು ಇನ್ನೊಂದೆರಡು ತಿಂಗಳು. ಏಂಜೆಲ್ ಮರಿ ಮಾಡಿಸಲು ಹೋಗಿ ಕೈಸುಟ್ಟುಕೊಂಡವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ದುಡ್ಡು ಸಾಲದೆ ಸೋತವರಲ್ಲ, ಅವಸರಕ್ಕೆ ಸೋತವರು. ಮೊದಲ ಸಲ ನಾನೂ ಹಾಗೆಯೇ ಸೋತೆ. ನೀನು ಹಾಗಾಗಬಾರದು.

ಒಳ್ಳೆಯ ಸುದ್ದಿಯೂ ಉಂಟು. ಈ ಮೀನಿಗೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ನಮ್ಮ ಮಂಗಳೂರಿನ ಅಂಗಳದಲ್ಲೇ ಬಿದ್ದಿದೆ.

ಏಂಜೆಲ್ ಮೀನಿನ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಣಿವೆ. ನಾವು ಸಾಕುವ ಜಾತಿಯನ್ನು ವಿಜ್ಞಾನಿಗಳು 1823ರಲ್ಲೇ ಹೆಸರಿಟ್ಟು ದಾಖಲಿಸಿದ್ದಾರೆ. ಅದರ ಕುಲದ ಹೆಸರು ಟೆರೊಫಿಲಮ್, ಅಂದರೆ ರೆಕ್ಕೆಯುಳ್ಳ ಎಲೆ. ಹೆಸರಿಟ್ಟವರು ಸರಿಯಾಗಿ ನೋಡಿದ್ದಾರೆ. ಮೈ ಎಲೆಯಂತೆ ತೆಳ್ಳಗೆ, ಅದರ ಮೇಲೆ ಉದ್ದುದ್ದ ಕಪ್ಪು ಪಟ್ಟಿ. ಮುಳುಗಿದ ಬೇರು, ಕೊಂಬೆ, ನೆಟ್ಟಗೆ ನಿಂತ ನೀರುಗಿಡಗಳ ನಡುವೆ ನುಸುಳಿ ಅಡಗಲು ಆದ ಮೈ ಅದು. ಹಾಗಾಗಿ ಗಿಡ ಎಂದರೆ ಟ್ಯಾಂಕಿನ ಅಲಂಕಾರ ಎಂದು ತಿಳಿಯಬೇಡ. ಆ ಮೀನಿಗೆ ಅದೇ ಗೋಡೆ, ಅದೇ ಬಾಗಿಲು, ಕೊನೆಗೆ ಅದೇ ಬಾಣಂತಿ ಕೋಣೆ.

ಆ ನಾಡಿನ ನೀರು ಮೆದು, ಸ್ವಲ್ಪ ಹುಳಿಯ ಕಡೆಗೆ ವಾಲಿದ್ದು, ಎಲೆ ಕೊಳೆತು ಚಹಾದ ಬಣ್ಣ ಬಂದದ್ದು. ನಮ್ಮದೂ ಬಹುಮಟ್ಟಿಗೆ ಹಾಗೆಯೇ. ಮುರಕಲ್ಲಿನ ನೆಲದಲ್ಲಿ ತೋಡಿದ ನಮ್ಮ ಬಾವಿಗಳ ನೀರಿನ ಪಿಎಚ್ ಅನೇಕ ಕಡೆ 6.5ಕ್ಕಿಂತ ಕೆಳಗೇ ಇರುತ್ತದೆ. ತುಂಬೆಯ ಅಣೆಕಟ್ಟಿನಿಂದ ನಳ್ಳಿಗೆ ಬರುವ ನೇತ್ರಾವತಿ ನೀರೂ ಮೆದುವೇ. ಬೆಂಗಳೂರಿನಲ್ಲಿ ನೀನಿದ್ದ ರೂಮಿನ ಬೋರ್‌ವೆಲ್ ನೀರು ನೆನಪಿದೆಯಲ್ಲ? ಸೋಪು ನೊರೆ ಬರುತ್ತಿರಲಿಲ್ಲ, ಬಕೆಟಿಗೆ ಬಿಳಿ ಪೊರೆ ಕಟ್ಟುತ್ತಿತ್ತು. ಅಂಥ ಗಡಸು ನೀರಿನಲ್ಲಿ ಏಂಜೆಲ್ ಬದುಕುತ್ತದೆ, ಆದರೆ ಮೊಟ್ಟೆ ಸರಿಯಾಗಿ ಒಡೆಯುವುದಿಲ್ಲ. ಅಲ್ಲಿನವರು ಆರ್‌ಒ ಯಂತ್ರ ಇಟ್ಟು ನೀರು ಮೆದು ಮಾಡುತ್ತಾರೆ. ನಮಗೆ ಮೆದು ನೀರು ಬಾವಿಕಟ್ಟೆಯಲ್ಲೇ ಉಂಟು.

ಆದರೆ ಎರಡು ಎಚ್ಚರ. ನಳ್ಳಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಡ್ರಮ್ಮಿನಲ್ಲಿ ಒಂದು ಹಗಲು ಒಂದು ರಾತ್ರಿ ಗಾಳಿಕಲ್ಲು ಹಾಕಿ ಬಿಟ್ಟೇ ಬಳಸು. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟುವುದನ್ನು ಮರೆಯಬೇಡ. ನಮ್ಮದು ಮಲೇರಿಯಾ ಕಂಡು ನೊಂದ ಊರು, ಮೀನು ಸಾಕುವ ಹೆಸರಲ್ಲಿ ಸೊಳ್ಳೆ ಸಾಕಬಾರದು. ಬಾವಿ ನೀರಾದರೆ ಬೇಸಿಗೆಯಲ್ಲಿ ಜಾಗ್ರತೆ. ಅಳಿವೆಯ ಹತ್ತಿರದ ಬಾವಿಗಳಿಗೆ ಏಪ್ರಿಲ್ ಮೇಯಲ್ಲಿ ಉಪ್ಪು ಏರುತ್ತದೆ. ಅದನ್ನು ಅಳೆಯಲು ಒಂದು ಟಿಡಿಎಸ್ ಮೀಟರು ಕೊಂಡು ಇಟ್ಟುಕೋ.

ಇನ್ನು ಮಣ್ಣು. ನಿಮ್ಮ ಗೇಟಿನ ಹೊರಗಿನ ಕೆಂಪು ಮುರಮಣ್ಣಿಗೆ ಜಗತ್ತು ಇಟ್ಟ ಹೆಸರು ಲ್ಯಾಟರೈಟ್. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದವನು. ಕೇರಳದ ಅಂಗಡಿಪುರದಲ್ಲಿ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು, 1807ರ ತನ್ನ ಪುಸ್ತಕದಲ್ಲಿ ಆ ಹೆಸರು ಕೊಟ್ಟ. ಮುಂದೆ 1980ರ ದಶಕದಲ್ಲಿ ಜರ್ಮನಿಯ ಹಾರ್ಸ್ಟ್ ಮತ್ತು ಕಿಪ್ಪರ್ ಎಂಬಿಬ್ಬರು ಗಿಡದ ಅಕ್ವೇರಿಯಂ ಬಗ್ಗೆ ಹೆಸರಾದ ಪುಸ್ತಕವನ್ನೇ ಬರೆದರು. ಟ್ಯಾಂಕಿನ ತಳಕ್ಕೆ ಲ್ಯಾಟರೈಟ್ ಹಾಕಿ, ಅದರಲ್ಲಿ ಕಬ್ಬಿಣದ ಅಂಶವಿದೆ, ಗಿಡದ ಬೇರು ಅದನ್ನು ಬೇಡುತ್ತದೆ ಎಂಬುದು ಅವರ ಸಲಹೆಗಳಲ್ಲೊಂದು. ಆಮೇಲೆ ಹೊರದೇಶಗಳಲ್ಲಿ ಅದನ್ನು ಪೊಟ್ಟಣ ಕಟ್ಟಿ ಮಾರಿದರು. ನಾವು ಅದರ ಮೇಲೆ ದಿನಾ ಚಪ್ಪಲಿ ಹಾಕಿ ನಡೆಯುತ್ತೇವೆ.

ಹಾಗೆಂದು ಬುಟ್ಟಿಗಟ್ಟಲೆ ತುಂಬಬೇಡ. ಗೊಬ್ಬರ, ಕೀಟನಾಶಕ ಸೋಕದ ಜಾಗದಿಂದ ನಾಲ್ಕೈದು ಹಿಡಿ ಮುರಕಲ್ಲಿನ ಹರಳು ತಂದು, ಪುಡಿ ಮಾಡಿ, ನೀರು ತಿಳಿಯಾಗುವ ತನಕ ತೊಳೆದು, ಹೊಯಿಗೆಯೊಂದಿಗೆ ಬೆರೆಸಿ ತಳಕ್ಕೆ ಹಾಸು. ಅದರ ಮೇಲೆ ಎರಡು ಇಂಚು ಬರೀ ಹೊಯಿಗೆ. ಹೊಯಿಗೆ ಹೊಳೆಯದ್ದೇ ಆಗಬೇಕು. ಪಣಂಬೂರಿನಿಂದಲೋ ತಣ್ಣೀರುಬಾವಿಯಿಂದಲೋ ಕಡಲ ಹೊಯಿಗೆ ತಂದೀಯ ಮತ್ತೆ, ಅದರಲ್ಲಿ ಚಿಪ್ಪಿನ ಚೂರು ತುಂಬಿರುತ್ತದೆ, ನೀರನ್ನು ಗಡಸು ಮಾಡುತ್ತದೆ. ಸಂಶಯವಿದ್ದರೆ ಒಂದು ಚಮಚ ಹೊಯಿಗೆಗೆ ನಾಲ್ಕು ತೊಟ್ಟು ವಿನೆಗರ್ ಹಾಕು. ಗುಳ್ಳೆ ಎದ್ದರೆ ಅದು ಬೇಡ.

ಟ್ಯಾಂಕಿನ ಅಳತೆ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇರಲಿ. ಎತ್ತರದಲ್ಲಿ ಜಿಪುಣತನ ಬೇಡ, ಈ ಮೀನಿನ ರೆಕ್ಕೆ ಮೇಲಕ್ಕೂ ಕೆಳಕ್ಕೂ ಚಾಚುತ್ತದೆ. ತುಂಬಿದರೆ ಸುಮಾರು 110 ಲೀಟರ್ ನೀರು, ಗಾಜು ಹೊಯಿಗೆ ಸೇರಿ 150 ಕಿಲೋ ಮೀರುತ್ತದೆ. ಗಟ್ಟಿ ಸ್ಟ್ಯಾಂಡು, ಅಡಿಗೆ ಥರ್ಮಾಕೋಲ್ ಹಾಳೆ. ಪಡುವಣ ಕಿಟಕಿಯ ಬಳಿ ಇಡಬೇಡ. ಮಧ್ಯಾಹ್ನದ ಮೇಲಿನ ನಮ್ಮ ಬಿಸಿಲಿಗೆ ನೀರು ಕಾಯುತ್ತದೆ, ಗಾಜಿಗೆ ಪಾಚಿ ಹಿಡಿಯುತ್ತದೆ. ಜನ ಓಡಾಡುವ ಬಾಗಿಲ ಪಕ್ಕವೂ ಬೇಡ. ಮೊಟ್ಟೆ ಇಟ್ಟ ಜೋಡಿಗೆ ಗಾಬರಿಯಾದರೆ ಮೊಟ್ಟೆಯನ್ನು ತಾವೇ ತಿಂದುಬಿಡುತ್ತವೆ. ಬೆಳಕಿಗೆ ಸಾಧಾರಣ ಎಲ್‌ಇಡಿ, ದಿನಕ್ಕೆ ಏಳೆಂಟು ಗಂಟೆ ಸಾಕು. ಸೋಸಲು ಗಾಳಿಪಂಪಿಗೆ ಕಟ್ಟಿದ ಸ್ಪಂಜು ಫಿಲ್ಟರ್. ಅದರ ಸೆಳೆತ ಮೆಲ್ಲಗೆ, ಮರಿಯನ್ನು ಎಳೆದುಕೊಳ್ಳುವುದಿಲ್ಲ.

ಗಿಡಗಳಲ್ಲಿ ಅಮೆಜಾನ್ ಸ್ವಾರ್ಡ್ ಒಂದಾದರೂ ಬೇಕು. ಅದರ ಅಗಲ ಎಲೆಯೇ ಹೆಚ್ಚಾಗಿ ಮೊಟ್ಟೆಯ ಜಾಗ, ಮುರಮಣ್ಣಿನ ಕಬ್ಬಿಣವೂ ಹೆಚ್ಚು ಬೇಕಾದ್ದು ಅದಕ್ಕೇ. ಬದಿಗಳಿಗೆ ಕ್ರಿಪ್ಟೊಕೊರೈನ್ ನೆಡು. ಆ ಗಿಡದ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳವೇ. ನೆಟ್ಟ ಹೊಸತರಲ್ಲಿ ಎಲೆಯೆಲ್ಲ ಕರಗಿ ಸತ್ತಂತೆ ಕಾಣುತ್ತದೆ, ಕೀಳಬೇಡ, ಬೇರಿನಿಂದ ಮತ್ತೆ ಚಿಗುರುತ್ತದೆ. ಜಾವಾ ಫರ್ನ್, ಅನುಬಿಯಾಸ್ ಎರಡನ್ನೂ ಹೊಯಿಗೆಯಲ್ಲಿ ಹೂಳದೆ ಕಟ್ಟಿಗೆಗೆ ದಾರದಲ್ಲಿ ಕಟ್ಟು, ಹೂತರೆ ದಂಟು ಕೊಳೆಯುತ್ತದೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರು ಇಡಬೇಕೆಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಬಂದುಬಿಡು. ಮರಿ ಮಾಡಿಸುವ ಟ್ಯಾಂಕಿಗೆ ಅದರ ಅಗತ್ಯವಿಲ್ಲ.

ಇಷ್ಟಾದ ಮೇಲೆ ಮೀನಿಲ್ಲದೆ ಒಂದೂವರೆ ತಿಂಗಳು ಕಾಯಬೇಕು. ಎಲ್ಲರೂ ಎಡವುವುದು ಇಲ್ಲೇ. ಮೀನಿನ ಹಿಕ್ಕೆಯಿಂದ, ಉಳಿದ ತಿಂಡಿಯಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ಸ್ಪಂಜಿನಲ್ಲಿ, ಹೊಯಿಗೆಯಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ಮೀನಿಲ್ಲದ ಟ್ಯಾಂಕಿಗೂ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕು, ಅದು ಕೊಳೆತು ಅವಕ್ಕೆ ಆಹಾರವಾಗುತ್ತದೆ. ಪರೀಕ್ಷೆಯ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ ಒಂದು ವಾರ ಹಾಗೇ ನಿಂತರೆ ಮನೆ ತಯಾರು ಎಂದು ಅರ್ಥ.

ನಮ್ಮ ನೀರಿನ ಒಂದು ದೋಷವನ್ನೂ ಇಲ್ಲೇ ಹೇಳುತ್ತೇನೆ. ತೀರಾ ಮೆದು ನೀರಿಗೆ ತಡೆದು ನಿಲ್ಲುವ ಶಕ್ತಿ ಕಡಿಮೆ. ದಿನ ಕಳೆದಂತೆ ಪಿಎಚ್ ಇಳಿಯುತ್ತಾ ಹೋಗುತ್ತದೆ, 6ಕ್ಕಿಂತ ಕೆಳಗಿಳಿದರೆ ಆ ಬ್ಯಾಕ್ಟೀರಿಯಾಗಳೂ ಸೊರಗುತ್ತವೆ. ಅದಕ್ಕೆ ಮದ್ದು ನಿಮ್ಮ ಅಡುಗೆಮನೆಯಲ್ಲಿದೆ. ಅಮ್ಮ ಮರುವಾಯಿ ಸುಕ್ಕ ಮಾಡಿದ ದಿನ ಚಿಪ್ಪು ಬಿಸಾಡಬೇಡ. ಕುದಿಸಿ, ಉಜ್ಜಿ ತೊಳೆದು, ಒಣಗಿಸಿ ಜಜ್ಜಿ, ಒಂದು ಚಮಚದಷ್ಟನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಡು. ಚಿಪ್ಪಿನ ಸುಣ್ಣ ನಿಧಾನಕ್ಕೆ ಕರಗಿ ನೀರನ್ನು ಹಿಡಿದು ನಿಲ್ಲಿಸುತ್ತದೆ. ಪಿಎಚ್ 6.5ರಿಂದ 7ರ ನಡುವೆ ನಿಂತರೆ ಸಾಕು, 7 ದಾಟುವಂತೆ ಕಂಡರೆ ಗಂಟು ತೆಗೆದುಬಿಡು.

ಈಗ ಮೀನು. ಅಂಗಡಿಯವರು ಜೋಡಿ ಎಂದು ಕೊಟ್ಟದ್ದನ್ನು ತರಬೇಡ. ಏಂಜೆಲ್‌ನಲ್ಲಿ ಗಂಡು ಹೆಣ್ಣು ಹೊರಗಿನಿಂದ ಗೊತ್ತಾಗುವುದಿಲ್ಲ. ಮೊಟ್ಟೆಯ ಸಮಯದಲ್ಲಿ ಹೊಟ್ಟೆಯಡಿ ಇಳಿಯುವ ಸಣ್ಣ ಕೊಳವೆಯಿಂದ ಮಾತ್ರ ತಿಳಿಯುತ್ತದೆ. ಗಂಡಿನದ್ದು ಸಪೂರ, ಚೂಪು. ಹೆಣ್ಣಿನದ್ದು ದಪ್ಪ, ಮೊಂಡು. ಜೋಡಿ ಎಂದು ನಂಬಿ ನಾನು ಹಿಂದೆ ತಂದ ಎರಡು ಮೀನು ಒಂದೇ ಎಲೆಗೆ ಮೊಟ್ಟೆ ಇಟ್ಟವು. ಅಷ್ಟೂ ಬೆಳ್ಳಗಾದವು. ಎರಡೂ ಹೆಣ್ಣು. ಆರು ತಿಂಗಳು ನೀರಿನದ್ದೇ ತಪ್ಪು ಎಂದು ನಾನು ನೀರು ಬದಲಿಸುತ್ತಲೇ ಇದ್ದೆ. ನೀನು ಎರಡು ರೂಪಾಯಿ ನಾಣ್ಯದಷ್ಟು ಮೈಯ ಆರು ಎಳೆಮೀನು ತಾ. ರೆಕ್ಕೆ ನೆಟ್ಟಗೆ, ಕಣ್ಣು ತಿಳಿ, ಬೆರಳು ಗಾಜಿನ ಬಳಿ ತಂದರೆ ಎದುರು ಬರುವಂಥವು. ಒಟ್ಟಿಗೇ ಬೆಳೆಯಲಿ. ಎಂಟು ಹತ್ತು ತಿಂಗಳ ಪ್ರಾಯಕ್ಕೆ ಎರಡು ಮೀನು ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟಲು ಶುರು ಮಾಡುತ್ತವೆ. ಅದೇ ನಿನ್ನ ಜೋಡಿ. ಉಳಿದ ನಾಲ್ಕನ್ನು ಬೇರೆ ಮಾಡು. ಸಂಬಂಧ ಅವೇ ಕೂಡಿಸಿಕೊಳ್ಳಲಿ, ನೀನು ಕೂಡಿಸಲು ಹೋಗಬೇಡ.

ವಾರಕ್ಕೊಮ್ಮೆ ಕಾಲು ಪಾಲು ನೀರು ಬದಲಿಸು. ತೆಗೆದ ನೀರು ಬಸಳೆ ಚಪ್ಪರಕ್ಕೆ ಹೋಗಲಿ, ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದ ವಾರ ಮಾತ್ರ ಬಾವಿ ನೀರು ನೇರ ಸೇದಿ ಹಾಕಬೇಡ. ಅಂಗಳ ತೊಳೆದ ನೀರು ಇಳಿದು ಬಾವಿಯ ಗುಣ ಒಂದೇ ರಾತ್ರಿಗೆ ಬದಲಾಗಿರುತ್ತದೆ. ಒಂದು ವರ್ಷ ನಾನು ಹೊಸನೀರು ಬಂತೆಂಬ ಖುಷಿಗೆ ಮುಕ್ಕಾಲು ಟ್ಯಾಂಕು ಬದಲಿಸಿದೆ. ಮರುದಿನ ಬೆಳಿಗ್ಗೆ ಆರು ಮೀನುಗಳೂ ಓರೆಯಾಗಿ ಮಲಗಿದ್ದವು. ಆ ನೋಟ ಇನ್ನೂ ಕಣ್ಣಿಂದ ಹೋಗಿಲ್ಲ. ಡ್ರಮ್ಮಿನಲ್ಲಿ ಇರಿಸಿ, ಅಳೆದು, ಸ್ವಲ್ಪ ಸ್ವಲ್ಪವೇ ಹಾಕು. ಹಾಗೆ ಹಾಕಿದರೆ ಅದೇ ಹೊಸನೀರು ವರವೂ ಆಗುತ್ತದೆ. ಟ್ಯಾಂಕಿಗಿಂತ ಒಂದೆರಡು ಡಿಗ್ರಿ ತಂಪಾದ ನೀರು ಬಿದ್ದರೆ ಜೋಡಿಗೆ ಮೊಟ್ಟೆಯ ನೆನಪಾಗುವುದುಂಟು.

ಆ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಬೆಳಿಗ್ಗೆಯಿಂದಲೇ ಎರಡೂ ಮೀನು ಸ್ವಾರ್ಡ್ ಗಿಡದ ಒಂದೇ ಎಲೆಯನ್ನು ಬಾಯಲ್ಲಿ ಕುಕ್ಕಿ ಕುಕ್ಕಿ ಉಜ್ಜುತ್ತವೆ, ಅಜ್ಜಿ ಹಬ್ಬದ ಮುನ್ನಾದಿನ ದೀಪ ಉಜ್ಜಿದ ಹಾಗೆ. ಮತ್ತೆ ಹೆಣ್ಣು ಎಲೆಗೆ ಹೊಟ್ಟೆ ತಾಗಿಸಿ ಕೆಳಗಿನಿಂದ ಮೇಲಕ್ಕೆ ಮೆಲ್ಲನೆ ಹೋಗುತ್ತದೆ, ಹಿಂದೆ ಸಾಸಿವೆಗಿಂತ ಸಣ್ಣ ಮುತ್ತಿನ ಸಾಲು ಅಂಟಿ ನಿಲ್ಲುತ್ತದೆ. ಅದು ಸರಿದ ಕೂಡಲೇ ಗಂಡು ಅದೇ ಸಾಲಿನ ಮೇಲೆ ಸಾಗುತ್ತದೆ. ಹೀಗೆ ಒಂದೆರಡು ಗಂಟೆ. ಮುಗಿಯುವಾಗ ನೂರರಿಂದ ಐನೂರರವರೆಗೆ ಮೊಟ್ಟೆ. ಮತ್ತೆ ಒಂದು ಬಿಟ್ಟರೆ ಒಂದು ಎಲೆಯ ಮುಂದೆ ನಿಂತು ಎದೆಯ ರೆಕ್ಕೆಯಿಂದ ಗಾಳಿ ಬೀಸುತ್ತಲೇ ಇರುತ್ತವೆ. ಬೆಳ್ಳಗಾದ ಮೊಟ್ಟೆಯನ್ನು ಹೆಕ್ಕಿ ತೆಗೆಯುತ್ತವೆ. 27–28 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ದಿನಕ್ಕೆ ಮೊಟ್ಟೆ ಒಡೆದು, ಎಲೆಗೆ ತಲೆ ಅಂಟಿಸಿಕೊಂಡು ಬಾಲ ಮಾತ್ರ ಅಲ್ಲಾಡಿಸುವ ಜೀವಗಳು ಕಾಣುತ್ತವೆ. ಜಾರಿ ಬಿದ್ದ ಒಂದೊಂದನ್ನೂ ತಾಯಿ ತಂದೆ ಬಾಯಲ್ಲಿ ಎತ್ತಿ ಮತ್ತೆ ಎಲೆಗೆ ಅಂಟಿಸುತ್ತವೆ.

ಇದು ಅಮೆಜಾನಿನ ವಿಶೇಷ ಮಾತ್ರವಲ್ಲ. ಕೇರಳದವರು ಕರಿಮೀನು ಎನ್ನುವ, ನಮ್ಮ ಅಳಿವೆಯ ಸವುಳು ನೀರಿನಲ್ಲೂ ಇರುವ ಮೀನು ಏಂಜೆಲ್‌ನ ಕುಟುಂಬದ್ದೇ. ಸಿಕ್ಲಿಡ್ ಎಂಬ ಆ ಕುಟುಂಬದಲ್ಲಿ ಜೋಡಿ ಸೇರಿ ಮೊಟ್ಟೆ ಮರಿ ಕಾಯುವುದು ಹಿರಿಯರಿಂದ ಬಂದ ಗುಣ.

ಆದರೆ ಮೊದಲ ಸಲ ನೀನು ಇದನ್ನೆಲ್ಲ ನೋಡಿ ಸಂತೋಷಪಟ್ಟು ಮಲಗಿ ಎದ್ದಾಗ ಎಲೆ ಖಾಲಿ ಇರಬಹುದು. ಎರಡನೆಯ ಸಲವೂ ಇರಬಹುದು. ಸಿಟ್ಟಾಗಬೇಡ. ಎಳೆಯ ಜೋಡಿ ಕಲಿಯುತ್ತಿರುತ್ತದೆ. ಹತ್ತು ಹದಿನೈದು ದಿನದಲ್ಲಿ ಮತ್ತೆ ಇಡುತ್ತವೆ. ರಾತ್ರಿ ಒಂದು ಮಂದ ದೀಪ ಬಿಡು, ಗಾಜಿನ ಹತ್ತಿರ ಮೊಬೈಲು ಹಿಡಿದು ಸುಳಿಯಬೇಡ, ನಿನ್ನ ಗೆಳೆಯರನ್ನು ಆ ವಾರ ಕರೆಯಬೇಡ. ಮೂರು ನಾಲ್ಕು ಸಲ ಅವಕ್ಕೆ ಅವಕಾಶ ಕೊಡು.

ಅಷ್ಟಾದರೂ ಆಗದಿದ್ದರೆ ಎಲೆಯನ್ನು ಕತ್ತರಿಸಿ, ಅದೇ ನೀರು ತುಂಬಿದ 20 ಲೀಟರಿನ ಬರಿಯ ಟ್ಯಾಂಕಿಗೆ ಹಾಕು. ಪಕ್ಕದಲ್ಲಿ ಗಾಳಿಕಲ್ಲು, ನೀರಿಗೆ ತಿಳಿನೀಲಿ ಬರುವಷ್ಟು ಮೆಥಿಲೀನ್ ಬ್ಲೂ. ಆ ನೀಲಿಯನ್ನು ಗಿಡದ ಟ್ಯಾಂಕಿಗೆ ಎಂದೂ ಹಾಕಬೇಡ, ನೀನು ಒಂದೂವರೆ ತಿಂಗಳು ಕಾದು ಬೆಳೆಸಿದ ಬ್ಯಾಕ್ಟೀರಿಯಾ ಸಾಯುತ್ತದೆ. ಗಿಡದ ಟ್ಯಾಂಕಿಗೆ ನಮ್ಮ ಬಾದಾಮಿ ಮರದ ಒಣ ಎಲೆ ಒಂದು ಸಾಕು. ಕೆಂಪಾಗಿ ತಾನೇ ಉದುರಿದ ಎಲೆ ನೀರಿಗೆ ಚಹಾದ ಬಣ್ಣ ಕೊಡುತ್ತದೆ, ಬೂಸಲನ್ನು ಸ್ವಲ್ಪ ತಡೆಯುತ್ತದೆ. ಏಂಜೆಲ್ ಸಾಕುವವರು ಇದನ್ನು ದುಡ್ಡು ಕೊಟ್ಟು ತರಿಸುತ್ತಾರೆ.

ಮೊಟ್ಟೆ ಇಟ್ಟ ಏಳನೆಯ ದಿನದ ಹೊತ್ತಿಗೆ ಮರಿಗಳು ಈಜುತ್ತವೆ. ಆಗ ಜೀವಂತ ಆಹಾರ ಬೇಕೇ ಬೇಕು, ಪುಡಿ ತಿಂಡಿಯಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಆರ್ಟೀಮಿಯಾ ಎಂಬ ಉಪ್ಪುನೀರಿನ ಕಿರುಸಿಗಡಿಯ ಮೊಟ್ಟೆಯ ಡಬ್ಬಿ ಮೊದಲೇ ತಂದಿಡು. ಒಂದು ಲೀಟರ್ ನೀರಿಗೆ 25–30 ಗ್ರಾಂ ಕಲ್ಲುಪ್ಪು, ಬಿಡದೆ ಗಾಳಿ, ನಮ್ಮ ಕೋಣೆಯ ಸೆಕೆಯಲ್ಲಿ ಒಂದು ದಿನಕ್ಕೆ ಕಿತ್ತಳೆ ಬಣ್ಣದ ಚುಕ್ಕಿಗಳು ಏಳುತ್ತವೆ. ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡು. ಮರಿಯ ಹೊಟ್ಟೆ ಕಿತ್ತಳೆಯಾಗಿ ಉಬ್ಬಿದರೆ ತಿಂದಿದೆ ಎಂದು ಲೆಕ್ಕ. ಮರಿ ಈಜುವ ಹೊತ್ತಿಗೆ ಇದು ತಯಾರಿರಬೇಕು, ಆದ್ದರಿಂದ ಮೊಟ್ಟೆ ಕಂಡ ದಿನವೇ ಆರ್ಟೀಮಿಯಾದ ದಿನ ಎಣಿಸಲು ಶುರು ಮಾಡು. ಒಂದು ತಿಂಗಳಿಗೆ ಅವಕ್ಕೆ ಏಂಜೆಲ್‌ನ ರೂಪ ಬರುತ್ತದೆ.

ಆಟಿಯ ಮಳೆಯಲ್ಲಿ ಕರೆಂಟು ಹೋಗದ ರಾತ್ರಿ ಕಡಿಮೆ. ಬ್ಯಾಟರಿಯ ಗಾಳಿಪಂಪು ಒಂದಿರಲಿ. ಅದೂ ಕೈಕೊಟ್ಟರೆ ತಂಬಿಗೆಯಲ್ಲಿ ಟ್ಯಾಂಕಿನದೇ ನೀರು ಮೊಗೆದು ಒಂದಡಿ ಮೇಲಿಂದ ಹೊಯ್ಯುತ್ತಿರು, ಉಸಿರು ಉಳಿಯುತ್ತದೆ. ಮೀನಿಗೆ ಕಾಯಿಲೆ ಬಂದರೆ ಸಿಕ್ಕಿದ ಬಾಟ್ಲಿಯನ್ನೆಲ್ಲ ಹೊಯ್ಯಬೇಡ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ನಮ್ಮ ಊರಲ್ಲೇ, ಎಕ್ಕೂರಿನಲ್ಲಿದೆ. ಓದಿ ತಿಳಿದವರು ಅಲ್ಲಿದ್ದಾರೆ, ಹೋಗಿ ಕೇಳಲು ಸಂಕೋಚ ಏಕೆ?

ಕೊನೆಗೊಂದು ಮಾತು, ಇದನ್ನು ಮಾತ್ರ ಬೇಡಿಕೆ ಎಂದೇ ತಿಳಿ. ಒಂದು ಸಲದ ಮೊಟ್ಟೆಯಲ್ಲಿ ಇನ್ನೂರು ಮರಿ ಉಳಿದರೆ ಏನು ಮಾಡುತ್ತಿ ಎಂದು ಈಗಲೇ ಯೋಚಿಸು. ಯಾರಿಗೆ ಕೊಡುವುದು, ಯಾವ ಅಂಗಡಿ ತೆಗೆದುಕೊಳ್ಳುತ್ತದೆ ಎಂದು ಮೊದಲೇ ಮಾತಾಡಿಟ್ಟುಕೋ. ಹೆಚ್ಚಾದವೆಂದು ಗುಜ್ಜರಕೆರೆಗೋ ಕಾವೂರು ಕೆರೆಗೋ ಫಲ್ಗುಣಿ ಹೊಳೆಗೋ ಬಿಡಬೇಡ. ಟ್ಯಾಂಕಿನ ಗಿಡವನ್ನೂ ತೋಡಿಗೆ ಎಸೆಯಬೇಡ. ದಕ್ಷಿಣ ಅಮೆರಿಕದಿಂದ ಹೂವಿನ ಚಂದಕ್ಕೆಂದು ಬಂದ ನೀರು ಹಯಸಿಂತ್ ಇಂದು ನಮ್ಮ ಕೆರೆಗಳನ್ನು ಹೇಗೆ ಮುಚ್ಚಿದೆ ಎಂದು ನೀನೇ ನೋಡಿದ್ದಿ. ಅಕ್ವೇರಿಯಂ ಸಾಫು ಮಾಡಲೆಂದು ತಂದ ಸಕ್ಕರ್ ಮೀನೂ ದೇಶದ ಎಷ್ಟೋ ಕೆರೆ ಹೊಳೆಗಳನ್ನು ಸೇರಿಕೊಂಡಿದೆ. ಗಾಜಿನೊಳಗೆ ತಂದ ಜೀವದ ಜವಾಬ್ದಾರಿ ಗಾಜಿನೊಳಗೇ ಮುಗಿಯಬೇಕು.

ಆ ಅಂಗಡಿಯ ಮೀನು ಇನ್ನೊಬ್ಬರ ಪಾಲಾದರೆ ಆಗಲಿ, ಬೇಸರ ಬೇಡ. ಈ ಆದಿತ್ಯವಾರ ಹೊಯಿಗೆ ತೊಳೆದು ಮುಗಿಸಿ ನನಗೆ ಫೋನು ಮಾಡು. ನನ್ನ ಟ್ಯಾಂಕಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಸ್ಪಂಜು ಒಂದುಂಟು, ಒದ್ದೆ ಇರುವಾಗಲೇ ತಂದು ನಿನ್ನದಕ್ಕೆ ಹಾಕುತ್ತೇನೆ. ಅದರಲ್ಲಿರುವ ಬ್ಯಾಕ್ಟೀರಿಯಾದಿಂದ ನಿನ್ನ ಕಾಯುವ ದಿನ ಒಂದೆರಡು ವಾರವಾದರೂ ಕಡಿಮೆಯಾದೀತು. ಅಂಗಳದ ಬಾದಾಮಿ ಎಲೆ ಅತ್ತೆ ಹೆಕ್ಕಿ ಒಣಗಿಸಿ ಇಟ್ಟಿದ್ದಾಳೆ. ಅದನ್ನೂ ತರುತ್ತೇನೆ.

ನಿನ್ನ ಮಾವ